ಕಾರ್ಡು ಹಿಡ್ಕೊಂಡು ಓಡುವವರು ಯಾರು?

ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಹಂಪನಕಟ್ಟೆಯಲ್ಲಿ ವೆನ್ಲಾಕ್, ಅತ್ತಾವರದಲ್ಲಿ ಕೆಎಂಸಿ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್, ಕುಂಟಿಕಾನದಲ್ಲಿ ಎ.ಜೆ. ದೇರಳಕಟ್ಟೆ ಕಡೆ ಹೋದರೆ ಮತ್ತೆ ಮೆಡಿಕಲ್ ಕಾಲೇಜುಗಳು. ಚಿಕ್ಕಮಗಳೂರು, ಶಿವಮೊಗ್ಗ, ಆ ಕಡೆ ಕಾಸರಗೋಡು, ಎಲ್ಲ ಕಡೆಯಿಂದ ಜನ ಇಲ್ಲಿಗೇ ಬರುತ್ತಾರೆ. ಹಾಗಾಗಿ ನಮ್ಮೂರವರಿಗೆ ಒಂದು ಧೈರ್ಯ ಉಂಟು. ಏನೇ ಆದರೂ ರಿಕ್ಷಾ ಹತ್ತಿದರೆ ಆಯ್ತು, ಆಸ್ಪತ್ರೆ ಸಿಗುತ್ತದೆ. ಮಂಡೆ ಬಿಸಿ ಶುರುವಾಗುವುದು ಒಳಗೆ ಹೋದ ಮೇಲೆ. ಯಾವ ಕೌಂಟರು, ಯಾವ ಕಾರ್ಡು, ಯಾರ ಸಹಿ?

ನನ್ನ ಚಿಕ್ಕಪ್ಪನಿಗೆ 74 ವರ್ಷ, ಚಿಕ್ಕಮ್ಮನಿಗೆ 67. ಜೆಪ್ಪುವಿನಲ್ಲಿ ಮನೆ. ಚಿಕ್ಕಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಬ್ಬನೇ ಮಗ ಶಾರ್ಜಾದಲ್ಲಿದ್ದಾನೆ. ಇಂಥ ಮನೆಗಳು ನಮ್ಮ ಜಿಲ್ಲೆಯಲ್ಲಿ ಬೀದಿಗೆ ನಾಲ್ಕು ಸಿಗುತ್ತವೆ. ಮಕ್ಕಳು ಗಲ್ಫಲ್ಲೋ ಬೆಂಗಳೂರಲ್ಲೋ ಇರುತ್ತಾರೆ, ಮನೆಯಲ್ಲಿ ಇಬ್ಬರೇ. ವಾರಕ್ಕೊಮ್ಮೆ ವಿಡಿಯೋ ಕಾಲ್. ಮಗನಿಗೆ ಅಲ್ಲಿಂದ ಒಂದೇ ಚಿಂತೆ: "ಅಪ್ಪ-ಅಮ್ಮನಿಗೆ ಸರ್ಕಾರದ ಇನ್ಶೂರೆನ್ಸ್ ಯಾವುದು ಒಳ್ಳೇದು? ಸ್ವಲ್ಪ ನೋಡಿ ಹೇಳ್ತೀಯಾ?"

ನೋಡಿದೆ. ನೋಡುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ನಾವೆಲ್ಲ ಕೇಳುವುದು "ಎಷ್ಟು ಲಕ್ಷ?" ಅಂತ. ವಯಸ್ಸಾದವರ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಮೊದಲನೇದು, ರಾತ್ರಿ ಹನ್ನೊಂದಕ್ಕೆ ಎದೆನೋವು ಬಂದರೆ ಆ ಕಾರ್ಡು ಹಿಡ್ಕೊಂಡು ಯಾರು ಓಡ್ತಾರೆ, ಯಾವ ಬಾಗಿಲಿಗೆ ಓಡ್ತಾರೆ?

ಚಿಕ್ಕಮ್ಮ ಒಂದು ತೊಟ್ಟೆ ತಂದು ಊಟದ ಮೇಜಿನ ಮೇಲೆ ಸುರಿದರು. ಬಟ್ಟೆ ಅಂಗಡಿಯ ಹೆಸರಿದ್ದ ಹಳೇ ಪ್ಲಾಸ್ಟಿಕ್ ತೊಟ್ಟೆ. ಅದರಲ್ಲಿ ರೇಷನ್ ಕಾರ್ಡು, ಆಧಾರ್‌ನ ಬಣ್ಣದ ಜೆರಾಕ್ಸ್, ಆಸ್ಪತ್ರೆಯ ರಿಯಾಯಿತಿ ಕಾರ್ಡು, ಲ್ಯಾಮಿನೇಶನ್ ಮಾಡಿಸಿದ ಅಭಾ ಕಾರ್ಡು, ಕಾರ್ಖಾನೆ ಕೆಲಸದವರ ವಿಮೆಯಾದ ಇಎಸ್‌ಐಯ ಅಂಚು ಮಡಚಿದ ಕಾಗದ. "ಇಷ್ಟೆಲ್ಲ ಉಂಟಲ್ಲ ಮಗಾ, ಮತ್ತೆಂತ ಬೇಕು?" ಅಂದರು ಚಿಕ್ಕಮ್ಮ. ಅವರ ಪ್ರಶ್ನೆ ಸರಿಯೇ. ಕಾರ್ಡಿನ ಲೆಕ್ಕದಲ್ಲಿ ಅವರು ಶ್ರೀಮಂತರು.

ಆದರೆ ಅದರಲ್ಲಿ ಎರಡು ಇನ್ಶೂರೆನ್ಸೇ ಅಲ್ಲ. ಅಭಾ ಅಂದರೆ 14 ಅಂಕಿಯ ಒಂದು ನಂಬರ್, ಅಷ್ಟೇ. ನಿಮ್ಮ ರಿಪೋರ್ಟು, ಚೀಟಿಗಳನ್ನು ಕಂಪ್ಯೂಟರಿನಲ್ಲಿ ಒಂದು ಕಡೆ ಜೋಡಿಸಲು ಮಾಡಿದ್ದು. ಅದರಿಂದ ಒಂದು ರೂಪಾಯಿ ಬಿಲ್ಲೂ ಕಟ್ಟಲಾಗದು. ಹೆಸರು ಆಯುಷ್ಮಾನ್ ಭಾರತ್ ಅಂತಲೇ ಶುರುವಾಗುವುದರಿಂದ "ನನ್ನದು ಆಯುಷ್ಮಾನ್ ಆಗಿದೆ" ಅಂತ ನಂಬಿದವರು ಬಹಳ ಜನ. ಆಸ್ಪತ್ರೆಯ ರಿಯಾಯಿತಿ ಕಾರ್ಡೂ ಹಾಗೆಯೇ. ಮಣಿಪಾಲ ಆರೋಗ್ಯ ಕಾರ್ಡಿನಂಥವು ಉಡುಪಿ-ಮಂಗಳೂರಿನಲ್ಲಿ ಮನೆಮನೆಯಲ್ಲಿ ಇವೆ. ಅವು ಉಪಯೋಗದ ವಸ್ತುವೇ. ಡಾಕ್ಟರ ಫೀಸು, ರಕ್ತ ಪರೀಕ್ಷೆ, ಸ್ಕ್ಯಾನಿಂಗಿನಲ್ಲಿ ಇಷ್ಟು ಅಂತ ಕಡಿಮೆ ಮಾಡುತ್ತಾರೆ. ತಿಂಗಳು ತಿಂಗಳು ಓಪಿಡಿಗೆ ಹೋಗುವ ವಯಸ್ಸಾದವರಿಗೆ ಅದೇ ಜಾಸ್ತಿ ಕೆಲಸಕ್ಕೆ ಬರುವುದು, ಯಾಕೆಂದರೆ ಸರ್ಕಾರದ ಯೋಜನೆಗಳು ಮುಖ್ಯವಾಗಿ ಅಡ್ಮಿಟ್ ಆದವರಿಗೆ. ಸಕ್ಕರೆ ಮಾತ್ರೆ, ಬಿಪಿ ಮಾತ್ರೆ ಅದರಲ್ಲಿ ಬರುವುದಿಲ್ಲ. ಮಾತ್ರೆಯ ಖರ್ಚು ಇಳಿಯಬೇಕಾದರೆ ಜನೌಷಧಿ ಅಂಗಡಿಯೇ ಗತಿ. ಆದರೆ ರಿಯಾಯಿತಿ ಕಾರ್ಡು ಆಪರೇಷನ್ನಿನ ದೊಡ್ಡ ಬಿಲ್ಲನ್ನು ಹೊರುವುದಿಲ್ಲ. ಇಷ್ಟು ತಿಳಿದಿದ್ದರೆ ಸಾಕು.

ಇನ್ನು ರೇಷನ್ ಕಾರ್ಡು. ಕರ್ನಾಟಕದಲ್ಲಿ ಎಲ್ಲ ಶುರುವಾಗುವುದು ಇದರಿಂದ. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚಿನಲ್ಲಿ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂದಾಗ ಎರಡನ್ನೂ ಸೇರಿಸಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಸುಮಾರು 1,650 ಬಗೆಯ ಚಿಕಿತ್ಸೆಗಳು ಇದರಲ್ಲಿವೆ. ಬಿಪಿಎಲ್ ಕಾರ್ಡಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ.

ಚಿಕ್ಕಪ್ಪನದ್ದು ಎಪಿಎಲ್. ಲೆಕ್ಕಕ್ಕೆ ಹೇಳುವುದಾದರೆ, 80 ಸಾವಿರದ ಪ್ಯಾಕೇಜಿಗೆ ಸರ್ಕಾರ 24 ಸಾವಿರ ಕೊಡುತ್ತದೆ. ಉಳಿದ 56 ಸಾವಿರ ಇವರೇ ಕಟ್ಟಬೇಕು. "ನನಗೂ ಸರ್ಕಾರದ ಕಾರ್ಡು ಉಂಟು" ಎಂದುಕೊಂಡು ಖಾಲಿ ಕೈಯಲ್ಲಿ ಹೋದರೆ ಕೌಂಟರಿನಲ್ಲಿ ನಿಂತು ಬೆವರಬೇಕಾಗುತ್ತದೆ. ಬಿಪಿಎಲ್‌ನವರಿಗೂ ಒಂದು ಮಾತು. ಕಾರ್ಡು ಇನ್ನೂ ಬಿಪಿಎಲ್ ಆಗಿಯೇ ಇದೆಯಾ ಅಂತ ನೋಡಿಕೊಳ್ಳಿ. ಮನೆಯಲ್ಲಿ ಯಾರಾದರೂ ಆದಾಯ ತೆರಿಗೆ ಕಟ್ಟುವವರಿದ್ದರೆ ಕಾರ್ಡು ಬದಲಾಗಬಹುದು. ಅಕ್ಕಿ ನಿಂತಾಗ ಗೊತ್ತಾಗುತ್ತದೆ, ಆದರೆ ಅಕ್ಕಿ ತರಲಿಕ್ಕೇ ಹೋಗದವರು ಎಷ್ಟು ಮಂದಿ ಇಲ್ಲ?

ಕುಟುಂಬಕ್ಕೆ 5 ಲಕ್ಷ ಅಂದರೆ ಇಡೀ ಕುಟುಂಬಕ್ಕೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಒಂದೇ ಕಾರ್ಡಿನಲ್ಲಿದ್ದರೆ ಎಲ್ಲರಿಗೂ ಸೇರಿ ಅಷ್ಟು. ವರ್ಷದ ಮೊದಲರ್ಧದಲ್ಲಿ ಮೊಮ್ಮಗುವಿಗೆ ಏನೋ ದೊಡ್ಡ ಆಪರೇಷನ್ ಆಗಿದ್ದರೆ ಅಜ್ಜನ ಪಾಲಿಗೆ ಉಳಿದದ್ದು ಎಷ್ಟು ಅಂತ ಯಾರೂ ಲೆಕ್ಕ ಇಟ್ಟಿರುವುದಿಲ್ಲ.

ಇನ್ನೊಂದು ವಿಷಯದಲ್ಲಿ ನಮ್ಮವರಿಗೆ ಸಿಟ್ಟು ಬರುವುದು ಜಾಸ್ತಿ. ರೆಫರಲ್. ತುರ್ತಲ್ಲದ ಹೆಚ್ಚಿನ ಚಿಕಿತ್ಸೆಗೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡು ಇಟ್ಟರೆ ಆಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಅಲ್ಲಿ ಮಾಡಲು ಆಗದ್ದಾದರೆ ಅವರು ಬರೆದುಕೊಡುತ್ತಾರೆ, ಆ ಚೀಟಿ ಹಿಡಿದು ಮುಂದೆ. ಸಣ್ಣ-ಪುಟ್ಟ ಚಿಕಿತ್ಸೆಯ ಒಂದು ಗುಂಪನ್ನಂತೂ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಬೇಕು. ಸುಮಾರು 170 ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಹೃದಯಾಘಾತದಂಥದ್ದಕ್ಕೆ ನೋಂದಾಯಿತ ಯಾವ ಆಸ್ಪತ್ರೆಗಾದರೂ ನೇರ ಹೋಗಬಹುದು.

"ನೋವು ಇಲ್ಲಿ, ಚೀಟಿ ಅಲ್ಲಿ, ಇದೆಂಥ ಕತೆ ಮಾರಾಯ್ರೆ" ಅಂತ ಬೈಯುವವರನ್ನು ನೋಡಿದ್ದೇನೆ. ಮಂಡಿನೋವಿನ ಅಜ್ಜಿಯನ್ನು ಎರಡು ಕಡೆ ಸುತ್ತಿಸುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ವೆನ್ಲಾಕನ್ನು ಬರೀ ಚೀಟಿ ಬರೆಯುವ ಜಾಗ ಅಂದುಕೊಳ್ಳುವುದೂ ಸರಿಯಲ್ಲ. 1848ರಿಂದ ಇರುವ ಆಸ್ಪತ್ರೆ ಅದು. ಕೆಎಂಸಿ ಹುಡುಗರು ಡಾಕ್ಟರಾಗಲು ಕಲಿತದ್ದೂ ಅಲ್ಲಿನ ವಾರ್ಡುಗಳಲ್ಲೇ. ಎಷ್ಟೋ ಸಲ ಅಲ್ಲಿಯೇ ಕೆಲಸ ಮುಗಿಯುತ್ತದೆ, ಮುಂದಿನ ಬಾಗಿಲು ಬೇಕಾಗುವುದೇ ಇಲ್ಲ. ನಮ್ಮ ಮಧ್ಯಮ ವರ್ಗದವರಿಗೆ ಅಲ್ಲಿಯ ಸಾಲಿನಲ್ಲಿ ನಿಲ್ಲಲು ಒಂಥರಾ ನಾಚಿಕೆ. ಆ ನಾಚಿಕೆಗೂ ಒಂದು ಬೆಲೆ ಉಂಟು, ಬಿಲ್ಲಿನಲ್ಲಿ ಬರುತ್ತದೆ.

ಚಿಕ್ಕಪ್ಪನಿಗೆ ನಿಜವಾಗಿ ಕೆಲಸಕ್ಕೆ ಬರಬೇಕಾದದ್ದು ಬೇರೆ. 70 ದಾಟಿದವರಿಗೆಂದೇ ಬಂದ ಆಯುಷ್ಮಾನ್ ವಯ ವಂದನಾ ಕಾರ್ಡು. 2024ರ ಅಕ್ಟೋಬರ್ 29ರಂದು ಶುರುವಾಯಿತು. ಇದಕ್ಕೆ ಆದಾಯದ ಮಿತಿ ಇಲ್ಲ, ಎಪಿಎಲ್-ಬಿಪಿಎಲ್ ಕೇಳುವುದಿಲ್ಲ. ಆಧಾರ್ ಪ್ರಕಾರ 70 ಆಗಿದ್ದರೆ ಸಾಕು. ವರ್ಷಕ್ಕೆ 5 ಲಕ್ಷ. ಮನೆಯಲ್ಲಿ 70 ದಾಟಿದವರು ಇಬ್ಬರಿದ್ದರೆ ಇಬ್ಬರಿಗೂ ಸೇರಿ 5 ಲಕ್ಷ. ಕುಟುಂಬ ಮೊದಲೇ ಆಯುಷ್ಮಾನ್‌ನಲ್ಲಿದ್ದರೆ ಹಿರಿಯರಿಗೆ ಅಂತಲೇ ಮತ್ತೆ 5 ಲಕ್ಷ ಬೇರೆ, ಅದನ್ನು ಮಗ-ಸೊಸೆ ಮುಟ್ಟುವ ಹಾಗಿಲ್ಲ. ಹಳೆಯ ಕಾಯಿಲೆಗೆ ಕಾಯುವ ಅವಧಿ ಇಲ್ಲ, ಮೊದಲ ದಿನದಿಂದಲೇ ಸಲ್ಲುತ್ತದೆ. ಖಾಸಗಿ ಪಾಲಿಸಿ ಇದ್ದವರು, ಇಎಸ್‌ಐ ಇದ್ದವರು ಅದನ್ನು ಬಿಡಬೇಕಾಗಿಲ್ಲ, ಇದನ್ನೂ ಇಟ್ಟುಕೊಳ್ಳಬಹುದು. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್‌ನಲ್ಲಿ ಇರುವವರು ಮಾತ್ರ ಅದೋ ಇದೋ ಅಂತ ಆರಿಸಬೇಕು. ನನ್ನನ್ನು ಕೇಳಿದರೆ ಇಸಿಎಚ್‌ಎಸ್ ಇದ್ದವರು ಅದನ್ನು ಬಿಡುವುದು ಬೇಡ. ಅದರಲ್ಲಿ ಓಪಿಡಿ, ಔಷಧಿ ಎಲ್ಲ ಬರುತ್ತದೆ.

ಕಾಗದದ ಮೇಲೆ ಇಷ್ಟು ಚಂದದ ಯೋಜನೆ. ಆದರೆ ಆರೋಗ್ಯ ರಾಜ್ಯಗಳ ಕೈಯಲ್ಲಿರುವ ವಿಷಯ. ಕೇಂದ್ರ ಶೇ. 60 ಹಾಕಿದರೆ ರಾಜ್ಯ ಶೇ. 40 ಹಾಕಬೇಕು, ಆಸ್ಪತ್ರೆಗೆ ಹಣ ಹೋಗುವುದು ರಾಜ್ಯದ ಸಂಸ್ಥೆಯ ಮೂಲಕ. ದಿಲ್ಲಿಯಲ್ಲಿ ಘೋಷಣೆಯಾದದ್ದು ಅದೇ ದಿನ ಮಂಗಳೂರಿನ ಕೌಂಟರಿಗೆ ಇಳಿಯುವುದಿಲ್ಲ. ಆದ್ದರಿಂದ "ಆಯುಷ್ಮಾನ್ ನಡೀತದಾ?" ಅಂತ ಸುಮ್ನೆ ಕೇಳಬೇಡಿ. ಎಲ್ಲ ಕಡೆ "ಹೌದು" ಅಂತಾರೆ, ಅವರ ಮನಸ್ಸಿನಲ್ಲಿ ಇರುವುದು ಬಿಪಿಎಲ್. ಹೀಗೆ ಕೇಳಿ: "ಎಪಿಎಲ್‌ನವರು, 70 ದಾಟಿದ್ದಾರೆ, ವಯ ವಂದನಾ ಕಾರ್ಡಿಗೆ ನಿಮ್ಮಲ್ಲಿ ಈಗ ಅಡ್ಮಿಷನ್ ಆಗ್ತದಾ? ಯಾವ ವಿಭಾಗಕ್ಕೆ ಆಗ್ತದೆ?" ಒಂದೇ ಆಸ್ಪತ್ರೆಯಲ್ಲಿ ಹೃದಯಕ್ಕೆ ನೋಂದಣಿ ಇದ್ದು ಮೂಳೆಗೆ ಇಲ್ಲದೆ ಇರಬಹುದು. ಕೇಳಬೇಕಾದದ್ದು ರಿಸೆಪ್ಷನ್ನಿನಲ್ಲಿ ಅಲ್ಲ, ಈ ಯೋಜನೆಯ ಕೆಲಸಕ್ಕೆಂದೇ ಆಸ್ಪತ್ರೆಯಲ್ಲಿ ಇರುವ ಆರೋಗ್ಯಮಿತ್ರರ ಹತ್ತಿರ. ನೋಂದಾಯಿತ ಆಸ್ಪತ್ರೆಗಳಲ್ಲಿ ಅವರಿಗೆ ಒಂದು ಮೇಜು ಇರುತ್ತದೆ, ಸಾಮಾನ್ಯವಾಗಿ ಜನ ಗುಂಪುಗಟ್ಟಿ ನಿಂತಿರುವ ಮೇಜು.

ನಾನು ಒಂದು ಆಸ್ಪತ್ರೆಯಲ್ಲಿ ಆ ಮೇಜಿನ ಎದುರು ಕೂತು ನೋಡಿದ್ದೇನೆ. ಹೆಸರು ಬೇಡ. ಬಂಟ್ವಾಳ ಕಡೆಯ ಅಜ್ಜಿಯೊಬ್ಬರು, ಬೀಡಿ ಕಟ್ಟಿ ಕಟ್ಟಿ ಬೆರಳಿನ ಗೆರೆಯೆಲ್ಲ ಸವೆದಿತ್ತು. ಗುರುತು ನೋಡಲು ಆರೋಗ್ಯಮಿತ್ರ ಹುಡುಗಿ ಯಂತ್ರಕ್ಕೆ ಹೆಬ್ಬೆರಳು ಒತ್ತಿಸಿದಳು, ಬರಲಿಲ್ಲ. ತೋರುಬೆರಳು, ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಿಸಿದಳು. "ಅಜ್ಜಿ, ಸ್ವಲ್ಪ ಗಟ್ಟಿ ಒತ್ತಿ." ಅಜ್ಜಿ ಇಡೀ ಕೈಯನ್ನೇ ಊರಿದರು. ಯಂತ್ರದ ಕೆಂಪು ದೀಪ ಹಸಿರಾಗಲಿಲ್ಲ. "ಓಟಿಪಿ ನಂಬರ್ ಯಾರದ್ದು?" ಅಂದರೆ ಅಳಿಯನದ್ದು, ಅಳಿಯ ಮಸ್ಕತ್‌ನಲ್ಲಿ. ಕೊನೆಗೆ ಮೊಬೈಲ್ ಹಿಡಿದು ಮುಖದ ಫೋಟೋ ತೆಗೆದು ದೃಢೀಕರಿಸಿದರು. ಅದು ಒಂದೇ ಸಲಕ್ಕೆ ಆಯಿತು. ಬೆರಳು, ಓಟಿಪಿ, ಕಣ್ಣು, ಮುಖ, ಈ ನಾಲ್ಕರಲ್ಲಿ ಯಾವುದಾದರೂ ಸಾಕು. ಆದರೆ ಮುಖದ ದಾರಿ ಇದೆ ಅಂತ ಕೇಳಿದವರಿಗೆ ಮಾತ್ರ ಗೊತ್ತು.

ಅವತ್ತೇ ನನಗೆ ಚಿಕ್ಕಪ್ಪನ ಆಧಾರ್ ನೆನಪಾಯಿತು. ಅವರ ನಂಬರೂ ಶಾರ್ಜಾದ್ದೇ. ಮಗ ಊರಿಗೆ ಬಂದಾಗ ತನ್ನ ಹಳೇ ಸಿಮ್ಮಿನ ನಂಬರ್ ಕೊಟ್ಟು ಮಾಡಿಸಿದ್ದ, ಆ ಸಿಮ್ ಈಗ ಅವನ ಹತ್ತಿರ ಅಲ್ಲಿ. ಅದನ್ನು ಬದಲಾಯಿಸಲು ಚಿಕ್ಕಪ್ಪನನ್ನೇ ಕರ್ಕೊಂಡು ಆಧಾರ್ ಕೇಂದ್ರಕ್ಕೆ ಹೊರಟೆವು. ಹೋದೆವು, ಅವರ ಕೈಯಲ್ಲಿರುವ ಬಟನ್ ಫೋನಿನ ನಂಬರನ್ನೇ ಹಾಕಿಸಿದೆವು. ನನ್ನ ಪ್ರಕಾರ ಯಾವ ಯೋಜನೆ ಅಂತ ಚರ್ಚೆ ಮಾಡುವ ಮೊದಲು ಮಾಡಬೇಕಾದ ಕೆಲಸ ಇದು. ಜೊತೆಗೆ ಹೆಸರು ನೋಡಿ. ರೇಷನ್ ಕಾರ್ಡಿನಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ನಮ್ಮಲ್ಲಿ ಹೆಂಗಸರ ಹೆಸರಿನ ಮುಂದೆ ಒಂದು ಕಡೆ "ಬಾಯಿ", ಇನ್ನೊಂದು ಕಡೆ ಗಂಡನ ಹೆಸರು, ಮತ್ತೊಂದು ಕಡೆ ಎರಡೂ ಇಲ್ಲ. ಆಸ್ಪತ್ರೆಯಲ್ಲಿ ಅದನ್ನು ಸರಿ ಮಾಡಲು ಆಗುವುದಿಲ್ಲ.

ತೊಟ್ಟೆಯಲ್ಲಿದ್ದ ಆ ಇಎಸ್‌ಐ ಕಾಗದವನ್ನು ಚಿಕ್ಕಮ್ಮ ಎಸೆಯಲು ಹೊರಟಿದ್ದರು. ಬೇಡ ಅಂದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಇಎಸ್‌ಐಯಲ್ಲಿ ಕನಿಷ್ಠ 5 ವರ್ಷ ಇದ್ದು ನಿವೃತ್ತಿ ವಯಸ್ಸಿಗೆ ಕೆಲಸ ಬಿಟ್ಟವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ-ಹೆಂಡತಿ ಇಬ್ಬರಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಹೌದು, ವರ್ಷಕ್ಕೆ. ತಿಂಗಳಿಗೆ 10 ರೂಪಾಯಿ ಬಿತ್ತು. ಹಂಚಿನ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ಬೈಕಂಪಾಡಿಯ ಫ್ಯಾಕ್ಟರಿಗಳಲ್ಲಿ ದುಡಿದವರು ನಮ್ಮ ಊರಲ್ಲಿ ಎಷ್ಟು ಮಂದಿ! ಕದ್ರಿ ಶಿವಬಾಗಿನಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. 67ರ ಚಿಕ್ಕಮ್ಮನಿಗೆ 70ರ ಕಾರ್ಡಿನಲ್ಲಿ ಜಾಗ ಇಲ್ಲ, ಗಂಡನ ಈ ಹಳೇ ಕಾಗದದಲ್ಲಿ ಜಾಗ ಉಂಟು.

ನಿಜವಾಗಿ ಕಷ್ಟ ಇರುವುದು ಚಿಕ್ಕಮ್ಮನ ವಯಸ್ಸಿನವರಿಗೆ. 60 ದಾಟಿದರೆ ಹಿರಿಯ ನಾಗರಿಕರು ಅಂತ ಬ್ಯಾಂಕಿನಲ್ಲಿ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಕೊಡುತ್ತಾರೆ. ಆರೋಗ್ಯಕ್ಕೆ ಮಾತ್ರ 70ರವರೆಗೆ ಕಾಯಿರಿ ಅನ್ನುತ್ತಾರೆ. ನಡುವಿನ ಹತ್ತು ವರ್ಷ, ಸಕ್ಕರೆ, ಬಿಪಿ, ಮಂಡಿನೋವು ಎಲ್ಲ ಮನೆಗೆ ಬಂದು ಕೂರುವ ಹತ್ತು ವರ್ಷ, ಎಪಿಎಲ್‌ನವರು ಶೇ. 30ರಲ್ಲೇ ಇರಬೇಕು. ಇದನ್ನು ಯೋಜನೆ ಮಾಡಿದವರು ಯಾಕೆ ಹೀಗೆ ಬಿಟ್ಟರೋ.

ಹಳ್ಳಿಯಲ್ಲಿ ಇದ್ದವರಿಗೆ ಒಂದು ದಾರಿ ಉಂಟು, ಯಶಸ್ವಿನಿ. ಕಾರ್ಕಳದ ಮಾವ ಹಾಲಿನ ಸೊಸೈಟಿಯ ಸದಸ್ಯರು, ಅವರಿಗೆ ಇದೇ ಆಧಾರ. ಸಹಕಾರ ಸಂಘದ ಸದಸ್ಯರಿಗೆಂದು 2003ರಲ್ಲಿ ಶುರುವಾದ ಯೋಜನೆ. ಹಿಂದೆ ನಿಂತವರಲ್ಲಿ ನಮ್ಮ ಕಿನ್ನಿಗೋಳಿಯಲ್ಲಿ ಹುಟ್ಟಿದ ಡಾ. ದೇವಿ ಶೆಟ್ಟಿ ಮುಖ್ಯರು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ಮುಗಿಸಿದ್ದರು, ಜನ ಬಿಡಲಿಲ್ಲ, 2022-23ರಲ್ಲಿ ಮತ್ತೆ ಶುರು ಮಾಡಿದರು. ಮತ್ತೆ ಶುರುವಾದಾಗ ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದ ಸಂಘಗಳವರಿಗೆ 1,000 ಅಂತ ಇಟ್ಟರು. ಚಿಕಿತ್ಸೆ 5 ಲಕ್ಷದವರೆಗೆ. ಸೊಸೈಟಿಗಳಿಗೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಕೊರತೆಯೇ ಇಲ್ಲ. ಹಾಲು, ಅಡಿಕೆ, ಸಾಲ ಅಂತ ಪ್ರತಿ ಊರಲ್ಲೂ ಒಂದೊಂದು. ತೊಡಕು ಒಂದೇ: ನೋಂದಣಿಗೆ ವರ್ಷದಲ್ಲಿ ಒಂದು ಗೊತ್ತಾದ ಅವಧಿಯಲ್ಲಿ ಮಾತ್ರ ಬಾಗಿಲು ತೆರೆಯುವುದು. ಕಾಯಿಲೆ ಬಂದ ಮೇಲೆ ಹೋದರೆ ಆಗುವುದಿಲ್ಲ.

ಇನ್ನು ಪೇಟೆಯವರು "ಸರ್ಕಾರಿ ಇನ್ಶೂರೆನ್ಸ್" ಅಂದಾಗ ಹೇಳುವುದು ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯಂಟಲ್, ನ್ಯಾಷನಲ್. ಇವು ಸರ್ಕಾರದ ಕಂಪನಿಗಳು, ನಿಜ. ಆದರೆ ಇದು ವ್ಯಾಪಾರ. ಪ್ರೀಮಿಯಂ ಕಟ್ಟಬೇಕು, ಕಾಯಬೇಕು, ಷರತ್ತು ಓದಬೇಕು. ಎರಡನ್ನೂ ಕಲಸಬಾರದು. ಒಳ್ಳೆಯದಾದದ್ದೂ ಇದೆ. 65ರ ಮೇಲೆ ಹೊಸ ಪಾಲಿಸಿ ಇಲ್ಲ ಎಂಬ ಅಡ್ಡಿ 2024ರ ಏಪ್ರಿಲ್‌ನಿಂದ ಹೋಯಿತು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 4 ವರ್ಷದಿಂದ 3ಕ್ಕೆ ಇಳಿಯಿತು. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿಯವರು ಮೊದಲು ವಿಮಾ ನಿಯಂತ್ರಕರ ಹತ್ತಿರ ಮಾತಾಡಬೇಕು ಅಂತ 2025ರ ಜನವರಿಯಲ್ಲಿ ಹೇಳಿದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ.

ಇಷ್ಟಾದರೂ ಚಿಕ್ಕಮ್ಮನಿಗೆ ಈಗ ಹೊಸದಾಗಿ ಪಾಲಿಸಿ ಮಾಡಿಸು ಅಂತ ನಾನು ಮಗನಿಗೆ ಹೇಳಲಿಲ್ಲ. ಅವರಿಗೆ ಸಕ್ಕರೆ, ಬಿಪಿ ಎರಡೂ ಇದೆ. ಈಗ ಮಾಡಿಸಿದರೆ ಆ ಕಾಯಿಲೆಗಳ ಮಟ್ಟಿಗೆ 3 ವರ್ಷ ಕಾಯಬೇಕಾಗಬಹುದು. ಅಷ್ಟರಲ್ಲಿ ಅವರಿಗೆ 70. ಬಚ್ಚಲಲ್ಲಿ ಜಾರಿ ಬಿದ್ದರೆ, ಹೊಸ ಕಾಯಿಲೆ ಬಂದರೆ ಮಾತ್ರ ನಡುವೆ ಉಪಯೋಗ. ಕೈಯಲ್ಲಿ ಧಾರಾಳ ಇದ್ದವರು ಮಾಡಿಸಲಿ, ಬೇಡ ಅನ್ನುವುದಿಲ್ಲ. ಹತ್ತಾರು ವರ್ಷದಿಂದ ಪಾಲಿಸಿ ನಡೆಸಿಕೊಂಡು ಬಂದವರಿಗೆ ಮಾತ್ರ ನನ್ನ ಮಾತು ಬೇರೆ. "70 ಆಯ್ತಲ್ಲ, ಸರ್ಕಾರದ್ದು ಬಂತಲ್ಲ" ಅಂತ ಅದನ್ನು ಬಿಡಬೇಡಿ. ಕಾಯುವ ಅವಧಿಯೆಲ್ಲ ಮುಗಿಸಿ ಕೂತ ಪಾಲಿಸಿ ಅದು. ಬಿಟ್ಟರೆ ಮತ್ತೆ ಮೊದಲಿನಿಂದ. ನಮ್ಮ ಊರಲ್ಲಿ ಬ್ಯಾಂಕ್ ನಿವೃತ್ತರು ಜಾಸ್ತಿ. ಅವರ ಗುಂಪು ಪಾಲಿಸಿಯ ಪ್ರೀಮಿಯಂ ವರ್ಷ ವರ್ಷ ಏರುವುದು ನೋಡಿ ಬಿಡೋಣ ಅನ್ನುವವರಿದ್ದಾರೆ. ಹತ್ತಿರದ ಆಸ್ಪತ್ರೆಯಲ್ಲಿ ವಯ ವಂದನಾ ಕಾರ್ಡಿಗೆ ಅಡ್ಮಿಷನ್ ಆಗುವುದನ್ನು ಕಣ್ಣಾರೆ ನೋಡುವವರೆಗೆ ಬಿಡುವುದು ಬೇಡ.

ಚಿಕ್ಕಮ್ಮನ ಮಟ್ಟಿಗೆ ಶಾರ್ಜಾಕ್ಕೆ ನಾನು ಹೇಳಿದ್ದು ಇಷ್ಟೇ. ಪ್ರೀಮಿಯಂಗೆ ಅಂತ ಇಟ್ಟ ದುಡ್ಡನ್ನು ಇಲ್ಲಿನ ಬ್ಯಾಂಕಿನಲ್ಲಿ ಅಪ್ಪ-ಅಮ್ಮ ಇಬ್ಬರ ಹೆಸರಲ್ಲಿ, ಯಾರೊಬ್ಬರು ಸಹಿ ಹಾಕಿದರೂ ತೆಗೆಯುವ ಹಾಗೆ ಇಡು. ಮೂರು ವರ್ಷಕ್ಕೆ ಅದು ಸಾಕು. ಇಎಸ್‌ಐಯ 120 ರೂಪಾಯಿ ಕಟ್ಟು. ಎಪಿಎಲ್‌ನ ಶೇ. 30 ಇದ್ದೇ ಇದೆ.

ಮತ್ತೆ ಓಡುವವರ ಪ್ರಶ್ನೆ. ಅದು ನಾನಲ್ಲ, ನಾನಿರುವುದು ಸುರತ್ಕಲ್‌ನಲ್ಲಿ. ಚಿಕ್ಕಪ್ಪನ ಪಕ್ಕದ ಮನೆಯ ಹುಡುಗ ರಿಕ್ಷಾ ಓಡಿಸುತ್ತಾನೆ. ರಾತ್ರಿ ಅವರು ಕರೆಯುವುದು ಅವನನ್ನೇ. ಅವನ ಮೊಬೈಲಿಗೆ ಕಾರ್ಡುಗಳ ಫೋಟೋ ಕಳಿಸಿದೆ. ಎದೆನೋವಾದರೆ ಯಾವ ಆಸ್ಪತ್ರೆ, ಬಿದ್ದು ಮೂಳೆ ಮುರಿದರೆ ಯಾವುದು, ಉಳಿದದ್ದಕ್ಕೆ ವೆನ್ಲಾಕ್ ಅಂತ ಆರೋಗ್ಯಮಿತ್ರರನ್ನು ಕೇಳಿ ಬರೆದುಕೊಟ್ಟೆ. 104 ಮತ್ತು 14555, ಈ ಎರಡು ಸಹಾಯವಾಣಿ ನಂಬರನ್ನೂ ಬರೆದೆ. ಅವನು ಓದಿ ನೋಡಿ ಕೇಳಿದ, "ಅಕ್ಕಾ, ಡೆಪಾಸಿಟ್ ಕಟ್ಟಿ ಅಂದ್ರೆ ಎಂತ ಹೇಳುವುದು?" ಬಿಪಿಎಲ್ ಆಗಿದ್ದರೆ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಹಣ ಕೇಳುವ ಹಾಗಿಲ್ಲ, ಆರೋಗ್ಯಮಿತ್ರರನ್ನು ಕರೆಯಿರಿ ಅನ್ನಬಹುದು. ಇವರದ್ದು ಎಪಿಎಲ್, ವಯ ವಂದನಾ ಅಲ್ಲಿ ನಡೆಯದಿದ್ದರೆ ಕಟ್ಟಲೇಬೇಕು. ಚಿಕ್ಕಮ್ಮ ಎಟಿಎಂ ಕಾರ್ಡು ತಂದು ಅದೇ ತೊಟ್ಟೆಗೆ ಹಾಕಿದರು. ಪಿನ್ ಚೀಟಿಯಲ್ಲಿ ಬರೆದು ಜೊತೆಗೆ ಹಾಕಲು ಹೊರಟಿದ್ದರು, ಅದೊಂದು ಬೇಡ ಅಂದೆ. "ಮತ್ತೆ ನನಗೆ ನೆನಪಿರ್ಬೇಕಲ್ಲ?" ಅಂದರು. ಅದರ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ.